ಕಸಿಯಾದ 74ನೇ ದಿನ ಬಂದ ನೆಗಡಿ: ಆರ್‌ಎಸ್‌ವಿ ಸೋಂಕು ಮತ್ತು ಆ್ಯಂಟಿಬಾಡಿ ಚಿಕಿತ್ಸೆಯ ಒಂದು ಪ್ರಕರಣ

ಸ್ಟೆಮ್ ಸೆಲ್ ಕಸಿಯಾಗಿ 74 ದಿನ. 46 ವರ್ಷದ ಮಹಿಳೆ ಮಾಮೂಲಿ ತಪಾಸಣೆಗೆ ಬಂದಿದ್ದಾರೆ. ಹಿಂದಿನ ದಿನದಿಂದ ಮೂಗು ಸೋರುತ್ತಿದೆ, ಗಂಟಲು ಕೆರೆತ, ಒಣ ಕೆಮ್ಮು. ಜ್ವರ ಇಲ್ಲ. ಉಸಿರಾಟ ಸರಾಗವಾಗಿದೆ, ರಕ್ತದ ಆಕ್ಸಿಜನ್ ಮಟ್ಟ 97. "ಮಗಳಿಗೆ ನೆಗಡಿ ಇತ್ತು ಡಾಕ್ಟ್ರೇ, ಅದೇ ಅಂಟಿರಬೇಕು. ಇಷ್ಟಕ್ಕೆಲ್ಲ ಹೇಳಬೇಕಾ ಅಂತ ಯೋಚನೆ ಮಾಡ್ತಿದ್ದೆ" ಎಂದರು. ಹೇಳಿದ್ದು ಬಹಳ ಒಳ್ಳೆಯದಾಯಿತು.

ಇದು ಒಬ್ಬ ನಿರ್ದಿಷ್ಟ ರೋಗಿಯ ದಾಖಲೆಯಲ್ಲ. ಕಸಿ ವಾರ್ಡುಗಳಲ್ಲಿ ಪದೇ ಪದೇ ಎದುರಾಗುವ ಸನ್ನಿವೇಶವನ್ನು ಒಬ್ಬ ರೋಗಿಯ ಪ್ರಕರಣವಾಗಿ ಜೋಡಿಸಿದ್ದೇನೆ. ನನ್ನ ಗಮನ ಇರುವುದು ಒಂದೇ ಪ್ರಶ್ನೆಯ ಮೇಲೆ. ಇಂಥ ರೋಗಿಗೆ ಹೊರಗಿನಿಂದ ಆ್ಯಂಟಿಬಾಡಿ, ಅಂದರೆ ರೋಗಾಣುಗಳನ್ನು ಹಿಡಿದು ತಡೆಯುವ ಪ್ರೋಟೀನು, ಕೊಟ್ಟರೆ ಅದು ಏನು ಮಾಡಬಲ್ಲದು, ಏನು ಮಾಡಲಾರದು?

ಹಿನ್ನೆಲೆ

ಕಾಯಿಲೆ ಅಕ್ಯೂಟ್ ಮೈಲಾಯ್ಡ್ ಲ್ಯುಕೇಮಿಯಾ, ಒಂದು ಬಗೆಯ ರಕ್ತದ ಕ್ಯಾನ್ಸರ್. ಕೀಮೋದಿಂದ ಹತೋಟಿಗೆ ಬಂದ ಮೇಲೆ ಅಣ್ಣನ ಸ್ಟೆಮ್ ಸೆಲ್ ಪಡೆದು ಕಸಿ ಮಾಡಲಾಗಿತ್ತು. ಅಣ್ಣ ಎಚ್‌ಎಲ್‌ಎ, ಅಂದರೆ ಜೀವಕೋಶಗಳ ಮೇಲಿನ ಗುರುತುಗಳು, ಪೂರ್ತಿ ಹೊಂದುವ ದಾನಿ. ಕಸಿಗೆ ಮುಂಚೆ ಕೊಟ್ಟದ್ದು ಮೂಳೆಮಜ್ಜೆಯನ್ನು ಪೂರ್ತಿ ಖಾಲಿ ಮಾಡುವ ಮೈಲೋಅಬ್ಲೇಟಿವ್ ಕೀಮೋ. 20ನೇ ದಿನಕ್ಕೆ ಹೊಸ ಮಜ್ಜೆ ಕೆಲಸ ಶುರು ಮಾಡಿತು. 41ನೇ ದಿನ ಭೇದಿ ಹತ್ತಿಕೊಂಡಿತು. ದಾನಿಯ ಜೀವಕೋಶಗಳು ರೋಗಿಯ ಕರುಳಿನ ಮೇಲೆ ತಿರುಗಿಬಿದ್ದಿದ್ದವು. ಇದನ್ನೇ ಜಿವಿಎಚ್‌ಡಿ ಅನ್ನುವುದು. ಅದಕ್ಕೆ ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಸ್ಟೀರಾಯ್ಡ್ ಶುರುವಾಯಿತು. 74ನೇ ದಿನ ಅವರು ದಿನಕ್ಕೆ 40 ಮಿಲಿಗ್ರಾಂ ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್, ಜೊತೆಗೆ ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಇನ್ನೊಂದು ಔಷಧಿ ಟ್ಯಾಕ್ರೊಲಿಮಸ್ ತೆಗೆದುಕೊಳ್ಳುತ್ತಿದ್ದರು. ಫಂಗಸ್ ಬರದಂತೆ ಪೋಸಕೊನಜೋಲ್ ಕೂಡ ಇತ್ತು. ತೂಕ 52 ಕೆಜಿ.

ಅವತ್ತಿನ ರಕ್ತ ಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ 9.8. ಬ್ಯಾಕ್ಟೀರಿಯಾ, ಫಂಗಸ್ ವಿರುದ್ಧ ಹೋರಾಡುವ ಬಿಳಿ ರಕ್ತಕಣ ನ್ಯೂಟ್ರೋಫಿಲ್ 1800, ಅದು ಪರವಾಗಿಲ್ಲ. ಬಿ ಮತ್ತು ಟಿ ಕೋಶಗಳು ಸೇರಿದ ಬಿಳಿ ರಕ್ತಕಣ ಲಿಂಫೋಸೈಟ್ 180 ಮಾತ್ರ. ಐಜಿಜಿ, ಅಂದರೆ ರಕ್ತದಲ್ಲಿ ಅತಿ ಹೆಚ್ಚಿರುವ ಆ್ಯಂಟಿಬಾಡಿ, ಡೆಸಿಲೀಟರಿಗೆ 340 ಮಿಲಿಗ್ರಾಂ. ಆರೋಗ್ಯವಂತರಲ್ಲಿ ಅದು 700ಕ್ಕಿಂತ ಜಾಸ್ತಿ ಇರುತ್ತದೆ. ಕಸಿಯಾದವರಲ್ಲಿ ಹೀಗೆ ಇಳಿಯುವುದು ಸಾಮಾನ್ಯ. ಆ್ಯಂಟಿಬಾಡಿ ತಯಾರಿಸುವ ಬಿ ಕೋಶಗಳು ಮತ್ತೆ ಸರಿಯಾಗಿ ಕೆಲಸ ಮಾಡಲು ಒಂದು ವರ್ಷ, ಕೆಲವರಿಗೆ ಎರಡು ವರ್ಷವೂ ಬೇಕು. ಇವರಲ್ಲಿ ಇನ್ನೊಂದು ಸೋರಿಕೆಯೂ ಇತ್ತು. ಜಿವಿಎಚ್‌ಡಿಯಿಂದ ಹಾಳಾದ ಕರುಳಿನ ಮೂಲಕ ರಕ್ತದ ಪ್ರೋಟೀನುಗಳು ಹೊರಹೋಗುತ್ತವೆ. ಐಜಿಜಿಯೂ ಅವುಗಳ ಜೊತೆಗೇ ಹೋಗುತ್ತದೆ.

ಮೂಗಿನ ಸ್ವಾಬ್ ತೆಗೆದು ಪಿಸಿಆರ್‌ಗೆ ಕಳಿಸಿದರು. ಫ್ಲೂ ಇಲ್ಲ, ಕೋವಿಡ್ ಇಲ್ಲ, ನೆಗಡಿ ತರುವ ಇನ್ನೊಂದು ವೈರಸ್ ಪ್ಯಾರಾಇನ್‌ಫ್ಲುಯೆಂಜಾ ಇಲ್ಲ. ಉಸಿರಾಟದ ಅಂಗಗಳಿಗೆ ಹತ್ತುವ ವೈರಸ್ ಆರ್‌ಎಸ್‌ವಿ ಪಾಸಿಟಿವ್. ಎದೆಯ ಸಿಟಿ ಸ್ಕ್ಯಾನ್‌ನಲ್ಲಿ ಶ್ವಾಸಕೋಶ ಶುಭ್ರವಾಗಿತ್ತು.

ಮೊದಲ ದಿನದ ನಿರ್ಧಾರ

ಆರೋಗ್ಯವಂತ ದೊಡ್ಡವರಿಗೆ ಆರ್‌ಎಸ್‌ವಿ ಅಂದರೆ ಒಂದು ವಾರದ ನೆಗಡಿ. ಕಸಿಯಾದವರಲ್ಲಿ ಇದು ಮೂಗಿನಿಂದ ಶ್ವಾಸಕೋಶಕ್ಕೆ ಇಳಿಯಬಹುದು. ಇಳಿದರೆ ಪ್ರಾಣಕ್ಕೇ ಅಪಾಯ. ಹಾಗಾಗಿ ಯಾರಲ್ಲಿ ಇಳಿಯುವ ಸಾಧ್ಯತೆ ಜಾಸ್ತಿ ಎಂದು ಮೊದಲೇ ಅಂದಾಜು ಮಾಡಬೇಕು. 2014ರಲ್ಲಿ ಅಮೆರಿಕದ ಎಂ.ಡಿ. ಆ್ಯಂಡರ್ಸನ್ ಕ್ಯಾನ್ಸರ್ ಸೆಂಟರ್‌ನ ತಜ್ಞರು ಇದಕ್ಕೊಂದು ಅಂಕಪಟ್ಟಿ ಪ್ರಕಟಿಸಿದರು. ಒಟ್ಟು 12 ಅಂಕ. ನ್ಯೂಟ್ರೋಫಿಲ್ 500ಕ್ಕಿಂತ ಕಡಿಮೆ ಇದ್ದರೆ 3, ಲಿಂಫೋಸೈಟ್ 200ಕ್ಕಿಂತ ಕಡಿಮೆ ಇದ್ದರೆ 3, ವಯಸ್ಸು 40 ಅಥವಾ ಮೇಲ್ಪಟ್ಟರೆ 2. ಮೈಲೋಅಬ್ಲೇಟಿವ್ ಕೀಮೋ, ಜಿವಿಎಚ್‌ಡಿ, ಸ್ಟೀರಾಯ್ಡ್, ತೀರಾ ಇತ್ತೀಚಿನ ಕಸಿ, ಇವಕ್ಕೆ ತಲಾ ಒಂದು. 7 ಅಥವಾ ಹೆಚ್ಚು ಬಂದರೆ ಅಪಾಯ ಜಾಸ್ತಿ.

ಇವರದ್ದು ಲೆಕ್ಕ ಹಾಕಿ ನೋಡಿ. ಲಿಂಫೋಸೈಟ್‌ಗೆ 3, ವಯಸ್ಸಿಗೆ 2, ಕೀಮೋಗೆ 1, ಜಿವಿಎಚ್‌ಡಿಗೆ 1, ಸ್ಟೀರಾಯ್ಡ್‌ಗೆ 1. ಒಟ್ಟು 8. ನೋಡಲು ಬರೀ ನೆಗಡಿ, ಆದರೆ ಅವರು ಅಪಾಯದ ಗುಂಪಿನಲ್ಲಿದ್ದರು. ಈ ಪಟ್ಟಿಯಲ್ಲಿ ಐಜಿಜಿಗೆ ಅಂಕವೇ ಇಲ್ಲ ಅನ್ನುವುದನ್ನು ಗಮನಿಸಿ. ಹೆಚ್ಚು ಅಂಕ ಇರುವುದು ಜೀವಕೋಶಗಳ ಎಣಿಕೆಗೆ. ಇದು ಸುಮ್ನೆ ಆದದ್ದಲ್ಲ, ಮುಂದೆ ಗೊತ್ತಾಗುತ್ತದೆ.

ತಂಡ ಎರಡು ಔಷಧಿ ಶುರು ಮಾಡಿತು. ಒಂದು ವೈರಸ್ ವಿರುದ್ಧದ ರೈಬವಿರಿನ್ ಮಾತ್ರೆ, ಇನ್ನೊಂದು ಐವಿಐಜಿ, ಅಂದರೆ ಡ್ರಿಪ್ ಮೂಲಕ ರಕ್ತನಾಳಕ್ಕೆ ಕೊಡುವ ಆ್ಯಂಟಿಬಾಡಿ. ರೈಬವಿರಿನ್ ಹಳೆಯ ಔಷಧಿ. ಮೊದಲು ಇದನ್ನು ಹೊಗೆಯಂತೆ ಉಸಿರಾಟದ ಮೂಲಕ ಕೊಡುತ್ತಿದ್ದರು. ಗರ್ಭದ ಶಿಶುವಿಗೆ ಹಾನಿ ಮಾಡುವ ಔಷಧಿಯಾದ್ದರಿಂದ ಕೋಣೆಯೊಳಗೆ ಬರುವ ನರ್ಸುಗಳಿಗೂ ಅಪಾಯ. ಈಗ ಅನೇಕ ಕಡೆ ಮಾತ್ರೆಯನ್ನೇ ಬಳಸುತ್ತಾರೆ. ಇದಕ್ಕಿರುವ ಆಧಾರ ಗಟ್ಟಿಯೇ ಅಂದರೆ, ಇಲ್ಲ. ಉಸಿರಾಟದ ರೈಬವಿರಿನ್ ಬಗ್ಗೆ ಕಸಿ ರೋಗಿಗಳಲ್ಲಿ ನಡೆದು 2007ರಲ್ಲಿ ಪ್ರಕಟವಾದ ಹೋಲಿಕೆ ಪ್ರಯೋಗಕ್ಕೆ ಸಿಕ್ಕಿದ್ದು ಬರೀ 14 ಜನ. ಕಸಿಯಾದವರೇ ಕಡಿಮೆ. ಅವರಲ್ಲಿ ಸರಿಯಾದ ಹೊತ್ತಿಗೆ ಆರ್‌ಎಸ್‌ವಿ ಪತ್ತೆಯಾಗುವವರು ಇನ್ನೂ ಕಡಿಮೆ. ಐವಿಐಜಿಯದ್ದೂ ಇದೇ ಪಾಡು. ನಮ್ಮ ಕೈಯಲ್ಲಿರುವುದು ಹೆಚ್ಚಾಗಿ ಹಳೆಯ ಕೇಸುಗಳನ್ನು ಹಿಂತಿರುಗಿ ನೋಡಿ ಬರೆದ ವರದಿಗಳು, ಅವೂ ಒಂದೇ ಮಾತು ಹೇಳುವುದಿಲ್ಲ.

ಹಾಗಿದ್ದರೆ ಐವಿಐಜಿ ಯಾಕೆ ಕೊಡಬೇಕು? ನನ್ನ ಪ್ರಕಾರ ಇಲ್ಲಿ ಬಲವಾದ ಕಾರಣ ಇತ್ತು, ಮತ್ತು ಆ ಕಾರಣ ಆರ್‌ಎಸ್‌ವಿ ಅಲ್ಲ. ಐಜಿಜಿ 400ಕ್ಕಿಂತ ಕೆಳಗಿದೆ ಅನ್ನುವುದೇ ಕಾರಣ. ಕಸಿಯ ನಂತರ ಅಷ್ಟು ಇಳಿದು, ಮೇಲೆ ಸೋಂಕೂ ಬಂದಾಗ ತುಂಬಿಸಿಕೊಡುವುದು ಒಪ್ಪಿತ ಪದ್ಧತಿ. ಆರ್‌ಎಸ್‌ವಿ ವಿರುದ್ಧದ ಲಾಭ ಅದರ ಜೊತೆಗೆ ಸಿಗುವಂಥದ್ದು.

ಆ ಬಾಟಲಿಯಲ್ಲಿ ಏನಿದೆ?

ಐವಿಐಜಿ ಅಂದರೆ ಸಾವಿರಾರು ದಾನಿಗಳ ಪ್ಲಾಸ್ಮಾ ಒಟ್ಟುಗೂಡಿಸಿ, ಅದರಿಂದ ಬೇರ್ಪಡಿಸಿದ ಐಜಿಜಿ. ಎರಡು ವರ್ಷ ತುಂಬುವಷ್ಟರಲ್ಲಿ ಹೆಚ್ಚುಕಡಿಮೆ ಎಲ್ಲ ಮಕ್ಕಳಿಗೂ ಒಮ್ಮೆ ಆರ್‌ಎಸ್‌ವಿ ಬಂದಿರುತ್ತದೆ. ದೊಡ್ಡವರಿಗೂ ಮತ್ತೆ ಮತ್ತೆ ಬರುತ್ತಲೇ ಇರುತ್ತದೆ. ಹಾಗಾಗಿ ಯಾವ ಬಾಟಲಿಯಲ್ಲೂ ಆರ್‌ಎಸ್‌ವಿ ಆ್ಯಂಟಿಬಾಡಿ ಇದ್ದೇ ಇರುತ್ತದೆ. ಎಷ್ಟು ಅನ್ನುವುದು ಮಾತ್ರ ಬ್ಯಾಚಿನಿಂದ ಬ್ಯಾಚಿಗೆ ಬದಲಾಗುತ್ತದೆ. ಆರ್‌ಎಸ್‌ವಿ ಆ್ಯಂಟಿಬಾಡಿ ಜಾಸ್ತಿ ಇರುವ ದಾನಿಗಳ ಪ್ಲಾಸ್ಮಾ ಸೇರಿಸಿ ಮಾಡಿದ ಆಸೆನಿವ್ ಎಂಬ ಉತ್ಪನ್ನಕ್ಕೆ 2019ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಆದರೆ ಆ ಒಪ್ಪಿಗೆ ಹುಟ್ಟಿನಿಂದಲೇ ರೋಗನಿರೋಧಕ ಶಕ್ತಿ ಕೊರತೆ ಇರುವವರಿಗಾಗಿ.

ಬಾಟಲಿ ಹಚ್ಚುವ ಮುಂಚೆ ಒಂದು ಕೆಲಸ ಮರೆಯಬಾರದು. ಹೆಪಟೈಟಿಸ್ ಬಿ, ಸಿಎಂವಿ ಇತ್ಯಾದಿ ವೈರಸ್‌ಗಳ ಆ್ಯಂಟಿಬಾಡಿ ಪರೀಕ್ಷೆ ಬಾಕಿ ಇದ್ದರೆ ರಕ್ತವನ್ನು ಆಗಲೇ ತೆಗೆದಿಡಬೇಕು. ಐವಿಐಜಿ ಹೋದ ಮೇಲೆ ಪರೀಕ್ಷೆಯಲ್ಲಿ ಕಾಣುವುದು ದಾನಿಗಳ ಆ್ಯಂಟಿಬಾಡಿ. ಆಮೇಲೆ ರೋಗಿಗೆ ಇಲ್ಲದ ಹೆಪಟೈಟಿಸ್ ಬಿ ಹಿಂದೆ ಓಡಾಡಬೇಕಾಗುತ್ತದೆ.

ಇವರಿಗೆ ಕೊಟ್ಟದ್ದು ಕೆಜಿಗೆ ಸುಮಾರು ಅರ್ಧ ಗ್ರಾಂ. ಒಟ್ಟು 25 ಗ್ರಾಂ, 5 ಪರ್ಸೆಂಟ್ ದ್ರವದಲ್ಲಿ 500 ಮಿಲಿಲೀಟರ್. ಗಂಟೆಗೆ 26 ಮಿಲಿಯಂತೆ ನಿಧಾನವಾಗಿ ಶುರು ಮಾಡಿದರು. ವೇಗ ಏರಿಸಿದ ಸ್ವಲ್ಪ ಹೊತ್ತಿಗೆ ಚಳಿ, ತಲೆನೋವು ಬಂತು. ಡ್ರಿಪ್ ನಿಲ್ಲಿಸಿ, ಪ್ಯಾರಾಸಿಟಮಾಲ್ ಕೊಟ್ಟು, ಅರ್ಧ ಗಂಟೆ ಬಿಟ್ಟು ಮತ್ತೆ ಕಡಿಮೆ ವೇಗದಲ್ಲಿ ಹಚ್ಚಿದಾಗ ತೊಂದರೆಯಾಗಲಿಲ್ಲ. ಟ್ಯಾಕ್ರೊಲಿಮಸ್ ಕಿಡ್ನಿಗೆ ಹೊರೆಯಾಗುವ ಔಷಧಿ. ಅದಕ್ಕೇ ಸಕ್ಕರೆ ಬೆರೆಸಿದ ಐವಿಐಜಿ ಬಿಟ್ಟು ಬೇರೆ ಬಗೆಯದನ್ನು ಆರಿಸಿದ್ದರು, ನೀರಿನಂಶವೂ ಸಾಕಷ್ಟು ಹೋಗುವಂತೆ ನೋಡಿಕೊಂಡರು. ಸಣ್ಣ ವಿಷಯ ಅನ್ನಿಸಬಹುದು, ಆದರೆ ಐವಿಐಜಿಯಿಂದ ಆಗುವ ಹಾನಿಗಳಲ್ಲಿ ಎಷ್ಟೋ ಇಂಥ ಮುಂಜಾಗ್ರತೆಯಿಂದಲೇ ತಪ್ಪುತ್ತವೆ.

ಗಂಡನ ಪ್ರಶ್ನೆ

ಎರಡನೇ ದಿನ ರೋಗಿಯ ಗಂಡ ಕೇಳಿದರು: "ಡಾಕ್ಟ್ರೇ, ಎಳೆ ಮಕ್ಕಳಿಗೆ ಆರ್‌ಎಸ್‌ವಿ ಬರದ ಹಾಗೆ ಇಂಜೆಕ್ಷನ್ ಇದೆಯಂತಲ್ಲ. ಅದೂ ಆ್ಯಂಟಿಬಾಡಿನೇ ಅಂತೆ. ಇವಳಿಗೆ ಯಾಕೆ ಕೊಡಬಾರದು?"

ಒಳ್ಳೆಯ ಪ್ರಶ್ನೆ. ಇದಕ್ಕೆ ಕೊಡುವ ಉತ್ತರದಲ್ಲೇ ಆ್ಯಂಟಿಬಾಡಿ ಚಿಕಿತ್ಸೆಯ ಸಾರ ಇದೆ.

ಪಲಿವಿಜುಮ್ಯಾಬ್ ಎಂಬ ಆ್ಯಂಟಿಬಾಡಿಗೆ 1998ರಲ್ಲಿ ಒಪ್ಪಿಗೆ ಸಿಕ್ಕಿತು. ಅದರ ಹಿಂದಿದ್ದ ಪ್ರಯೋಗದಲ್ಲಿ ಅವಧಿಗೆ ಮುಂಚೆ ಹುಟ್ಟಿದ ಅಥವಾ ಶ್ವಾಸಕೋಶದ ತೊಂದರೆ ಇದ್ದ 1502 ಮಕ್ಕಳಿದ್ದರು. ಆರ್‌ಎಸ್‌ವಿಯಿಂದ ಆಸ್ಪತ್ರೆ ಸೇರಿದವರು ಔಷಧಿ ಇಲ್ಲದ ಗುಂಪಿನಲ್ಲಿ 100ಕ್ಕೆ 10.6, ಔಷಧಿ ಪಡೆದವರಲ್ಲಿ 4.8. ದೊಡ್ಡ ಲಾಭ ಅಲ್ವಾ? ಆದರೆ ಆ ಮಕ್ಕಳಿಗೆ ಇಂಜೆಕ್ಷನ್ ಕೊಟ್ಟದ್ದು ಸೋಂಕು ಬರುವ ಮುಂಚೆ, ಸೀಸನ್ ಪೂರ್ತಿ ತಿಂಗಳಿಗೊಮ್ಮೆ. ವೈರಸ್ ಜೀವಕೋಶದೊಳಗೆ ನುಗ್ಗಲು ಬಳಸುವ ಎಫ್ ಪ್ರೋಟೀನನ್ನು ಈ ಆ್ಯಂಟಿಬಾಡಿ ಹಿಡಿದುಕೊಳ್ಳುತ್ತದೆ. ಹೊರಗೆ ತೇಲುತ್ತಿರುವ ವೈರಸ್ಸನ್ನು ತಡೆಯುತ್ತದೆ. ಒಳಗೆ ಹೋದ ವೈರಸ್ ಅದಕ್ಕೆ ಸಿಗುವುದಿಲ್ಲ. ಸೋಂಕು ಹತ್ತಿದ ಜೀವಕೋಶವನ್ನು ಹುಡುಕಿ ಮುಗಿಸುವುದು ಟಿ ಕೋಶಗಳ ಕೆಲಸ. ಲಿಂಫೋಸೈಟ್ 180 ಇರುವ ರೋಗಿಯಲ್ಲಿ ಆ ಕೆಲಸಕ್ಕೆ ಆಳುಗಳೇ ಇಲ್ಲ. ಅಂಕಪಟ್ಟಿಯಲ್ಲಿ ಲಿಂಫೋಸೈಟ್‌ಗೆ ಅಷ್ಟು ತೂಕ ಯಾಕೆ ಅನ್ನುವುದು ಈಗ ಸ್ಪಷ್ಟವಾಗುತ್ತದೆ.

ದೊಡ್ಡವರ ಕಸಿಯಲ್ಲೂ ಪಲಿವಿಜುಮ್ಯಾಬ್ ಬಳಸಿ ನೋಡಿದ್ದಾರೆ. ಸುರಕ್ಷಿತ ಅನ್ನುವುದು 2001ರಲ್ಲೇ ಗೊತ್ತಾಗಿತ್ತು. ಆದರೆ 2007ರಲ್ಲಿ ಪ್ರಕಟವಾದ ಒಂದು ಹಿನ್ನೋಟದ ಅಧ್ಯಯನದಲ್ಲಿ, ಸೋಂಕು ಮೂಗಿನಿಂದ ಶ್ವಾಸಕೋಶಕ್ಕೆ ಇಳಿಯುವುದನ್ನು ಅದು ತಡೆದದ್ದು ಕಾಣಲಿಲ್ಲ, ಬದುಕುಳಿಯುವವರ ಪ್ರಮಾಣವೂ ಏರಲಿಲ್ಲ. ಹೊಸ ಆ್ಯಂಟಿಬಾಡಿ ನಿರ್ಸೆವಿಮ್ಯಾಬ್‌ಗೆ 2022ರಲ್ಲಿ ಯುರೋಪಿನಲ್ಲಿ, 2023ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಎಫ್ ಪ್ರೋಟೀನು ಆಕಾರ ಬದಲಿಸುವ ಮೊದಲಿನ ರೂಪವನ್ನು ಅದು ಹಿಡಿಯುತ್ತದೆ, ದೇಹದಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಒಂದೇ ಇಂಜೆಕ್ಷನ್ ಇಡೀ ಸೀಸನ್‌ಗೆ ಸಾಕು. ನಿಜಕ್ಕೂ ಒಳ್ಳೆಯ ಔಷಧಿ. ಆದರೆ ಒಪ್ಪಿಗೆ ಇರುವುದು ಚಿಕ್ಕ ಮಕ್ಕಳಿಗೆ, ಅದೂ ಸೋಂಕು ಬರದಂತೆ ತಡೆಯಲು.

ಇನ್ನೊಂದು ವಿಷಯ. ಐಜಿಜಿ ರಕ್ತದಿಂದ ಶ್ವಾಸಕೋಶದ ಒಳಭಾಗಕ್ಕೆ ತಕ್ಕಮಟ್ಟಿಗೆ ತಲುಪುತ್ತದೆ, ಮೂಗಿಗೆ ತಲುಪುವುದು ಬಹಳ ಕಡಿಮೆ. ಮೂಗಿನ ಲೋಳೆಯಲ್ಲಿ ಕಾವಲಿರುವುದು ಐಜಿಎ ಎಂಬ ಬೇರೆ ಬಗೆಯ ಆ್ಯಂಟಿಬಾಡಿ. ಐವಿಐಜಿ ಬಾಟಲಿಯಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ. ಹಾಗಾಗಿ ಐವಿಐಜಿ ಪಡೆದ ಮೇಲೂ ಮೂಗು ಸೋರುತ್ತಲೇ ಇದ್ದರೆ ಔಷಧಿ ಸೋತಿತು ಅಂತಲ್ಲ.

ಒಂದೇ ಬಗೆಯ ಆ್ಯಂಟಿಬಾಡಿಗೆ ಇನ್ನೂ ಒಂದು ದೌರ್ಬಲ್ಯವಿದೆ. ವೈರಸ್ ಆ ಒಂದು ಜಾಗವನ್ನು ಬದಲಿಸಿಕೊಂಡರೆ ಔಷಧಿ ಕೆಲಸಕ್ಕೆ ಬಾರದು. ಕೋವಿಡ್‌ನಲ್ಲಿ ಕಸಿ ರೋಗಿಗಳು ಇದನ್ನು ಕಣ್ಣಾರೆ ಕಂಡರು. 2021ರ ಡಿಸೆಂಬರಿನಲ್ಲಿ ತುರ್ತು ಒಪ್ಪಿಗೆ ಪಡೆದ ಕೋವಿಡ್ ಆ್ಯಂಟಿಬಾಡಿ ಔಷಧಿ ಎವುಶೆಲ್ಡ್ ಅನ್ನು ಹೊಸ ತಳಿಗಳ ಕಾರಣಕ್ಕೆ ಅಮೆರಿಕ 2023ರ ಜನವರಿಯಲ್ಲಿ ನಿಲ್ಲಿಸಬೇಕಾಯಿತು. ಆರ್‌ಎಸ್‌ವಿಯಲ್ಲೂ ಉದಾಹರಣೆ ಇದೆ. ಸುಪ್ಟಾವುಮ್ಯಾಬ್ ಎಂಬ ಆ್ಯಂಟಿಬಾಡಿ 2017ರಲ್ಲಿ ಕೊನೇ ಹಂತದ ಪ್ರಯೋಗದಲ್ಲಿ ಸೋತಿತು. ಹರಡುತ್ತಿದ್ದ ಆರ್‌ಎಸ್‌ವಿ-ಬಿ ವೈರಸ್‌ನಲ್ಲಿ ಎರಡೇ ಎರಡು ಅಮೈನೋ ಆಮ್ಲ ಬದಲಾಗಿತ್ತು, ಅಷ್ಟೇ. ಸಾವಿರಾರು ಜನರ ಐಜಿಜಿ ಸೇರಿದ ಐವಿಐಜಿಯ ಪೆಟ್ಟು ಅಷ್ಟು ತೀಕ್ಷ್ಣವಲ್ಲ. ಆದರೆ ವೈರಸ್ಸಿನ ಬೇರೆ ಬೇರೆ ಜಾಗಗಳನ್ನು ಒಟ್ಟಿಗೇ ಹಿಡಿಯುವುದರಿಂದ ಅದರಿಂದ ತಪ್ಪಿಸಿಕೊಳ್ಳುವುದು ವೈರಸ್‌ಗೆ ಕಷ್ಟ.

ನಾಲ್ಕನೇ ದಿನ

ಜ್ವರ 38.4. ಆಕ್ಸಿಜನ್ ಮಟ್ಟ 92ಕ್ಕೆ ಇಳಿಯಿತು, ಕೆಮ್ಮು ಜೋರಾಯಿತು. ಸಿಟಿ ಸ್ಕ್ಯಾನ್‌ನಲ್ಲಿ ಎರಡೂ ಶ್ವಾಸಕೋಶಗಳ ಕೆಳಭಾಗದಲ್ಲಿ ಮಂಜು ಕವಿದಂಥ ಮಚ್ಚೆಗಳು. ಮೂಗಿನ ಮೂಲಕ ನಿಮಿಷಕ್ಕೆ 3 ಲೀಟರ್ ಆಕ್ಸಿಜನ್ ಹಚ್ಚಿದರು. ಬ್ಯಾಕ್ಟೀರಿಯಾ ಇರಬಹುದೆಂದು ಪಿಪೆರಾಸಿಲಿನ್-ಟ್ಯಾಜೊಬ್ಯಾಕ್ಟಮ್ ಎಂಬ ಆ್ಯಂಟಿಬಯೋಟಿಕ್ ಶುರು ಮಾಡಿದರು.

ಸ್ಟೀರಾಯ್ಡ್ ಮೇಲಿರುವ ಕಸಿ ರೋಗಿಯಲ್ಲಿ ಶ್ವಾಸಕೋಶದ ಮಚ್ಚೆ ಅಂದರೆ ಮೊದಲ ಭಯ ಫಂಗಸ್. ಫಂಗಸ್ಸಿನ ಸುಳಿವನ್ನು ರಕ್ತದಲ್ಲಿ ಹುಡುಕುವ ಬೀಟಾ-ಡಿ-ಗ್ಲುಕಾನ್ ಪರೀಕ್ಷೆ ಪಾಸಿಟಿವ್ ಬಂತು, ಅಂಕಿಯೂ ಜಾಸ್ತಿಯೇ ಇತ್ತು. ಫಂಗಸ್ ಔಷಧಿ ಆಂಫೊಟೆರಿಸಿನ್ ಶುರು ಮಾಡುವ ಮಾತು ಬಂತು. ಆಗ ತಂಡದಲ್ಲಿದ್ದ ಸೋಂಕುರೋಗ ತಜ್ಞೆ ತಡೆದರು. ಐವಿಐಜಿ ತಯಾರಿಕೆಯಲ್ಲಿ ಬಳಸುವ ಸೆಲ್ಯುಲೋಸ್ ಫಿಲ್ಟರುಗಳಿಂದ ಗ್ಲುಕಾನ್ ಬಾಟಲಿಗೆ ಸೇರಬಹುದು. ಹಾಗಾಗಿ ಐವಿಐಜಿ ಪಡೆದ ಕೆಲವು ದಿನ ಈ ಪರೀಕ್ಷೆಯನ್ನು ನಂಬುವ ಹಾಗಿಲ್ಲ. ಉಸಿರುನಾಳದೊಳಗೆ ಕೊಳವೆ ಇಳಿಸಿ ನೋಡುವ ಬ್ರಾಂಕೋಸ್ಕೋಪಿ ಮಾಡಿ ಶ್ವಾಸಕೋಶ ತೊಳೆದ ನೀರನ್ನು ಪರೀಕ್ಷಿಸಿದರು. ಫಂಗಸ್ಸಿನ ಇನ್ನೊಂದು ಪರೀಕ್ಷೆ ಗ್ಯಾಲಕ್ಟೊಮನಾನ್ ನೆಗೆಟಿವ್, ಫಂಗಸ್ ಬೆಳೆಯಲಿಲ್ಲ, ಬ್ಯಾಕ್ಟೀರಿಯಾ ಬೆಳೆಯಲಿಲ್ಲ. ಆರ್‌ಎಸ್‌ವಿ ಪಾಸಿಟಿವ್. ಕಿಡ್ನಿಗೆ ಪೆಟ್ಟು ಕೊಡುವ ಒಂದು ಔಷಧಿ ತಪ್ಪಿತು. ಆ್ಯಂಟಿಬಯೋಟಿಕ್ ಕೂಡ ಬೇಗ ನಿಂತಿತು.

ಹಿಮೋಗ್ಲೋಬಿನ್ 8.6ಕ್ಕೆ ಇಳಿದಿತ್ತು. ಇಲ್ಲೂ ಎರಡು ಅನುಮಾನ. ರೈಬವಿರಿನ್ ಕೆಂಪು ರಕ್ತಕಣಗಳನ್ನು ಒಡೆಯುತ್ತದೆ. ಐವಿಐಜಿಯಲ್ಲಿ ದಾನಿಗಳ ಎ, ಬಿ ರಕ್ತಗುಂಪಿನ ವಿರುದ್ಧದ ಆ್ಯಂಟಿಬಾಡಿ ಸ್ವಲ್ಪ ಇರುತ್ತದೆ, ರೋಗಿಯದ್ದೂ ಅಣ್ಣನದ್ದೂ ಎ ಗುಂಪು. ಕೆಂಪು ಕಣಗಳಿಗೆ ಆ್ಯಂಟಿಬಾಡಿ ಅಂಟಿದೆಯೇ ಎಂದು ನೋಡುವ ಕೂಂಬ್ಸ್ ಪರೀಕ್ಷೆ ನೆಗೆಟಿವ್ ಬಂತು. ಹಾಗಾಗಿ ರೈಬವಿರಿನ್ನೇ ಕಾರಣ ಎಂದು ತೀರ್ಮಾನಿಸಿ, ಅದರ ಡೋಸ್ ಕಡಿಮೆ ಮಾಡದೆ, ದಿನ ಬಿಟ್ಟು ದಿನ ರಕ್ತ ನೋಡಿದರು.

ಇನ್ನೊಂದು ಡೋಸ್ ಬೇಕಾ?

ಸೋಂಕು ಶ್ವಾಸಕೋಶಕ್ಕೆ ಇಳಿದಾಗ ಎಲ್ಲರ ಮನಸ್ಸೂ ಒಂದೇ ಕಡೆ ಓಡುತ್ತದೆ. ಇನ್ನೊಂದು ಬಾಟಲಿ ಹಚ್ಚೋಣ, ಏನಾದರೂ ಮಾಡೋಣ. ದಿನ ಬಿಟ್ಟು ದಿನ ಐವಿಐಜಿ ಕೊಡುವ ಕಡೆಗಳೂ ಇವೆ. ಈ ತಂಡ ಮೊದಲು ಐಜಿಜಿ ಮತ್ತೆ ಅಳೆಯಿತು. 690 ಇತ್ತು. ಅಂದರೆ ಕೊರತೆ ತುಂಬಿತ್ತು, ಕರುಳಿನಿಂದ ಸೋರಿಕೆಯೂ ಕಡಿಮೆಯಾಗಿತ್ತು. ಎರಡನೇ ಡೋಸ್ ಕೊಡಲಿಲ್ಲ.

ಇದು ಸರಿಯಾದ ನಿರ್ಧಾರ ಎಂದು ನಾನು ಗಟ್ಟಿಯಾಗಿ ಹೇಳುತ್ತೇನೆ. ಇಲ್ಲದ ಆ್ಯಂಟಿಬಾಡಿಯನ್ನು ತುಂಬಿಸಿದರೆ ಸಿಗುವ ಲಾಭ ಒಂದು. ಇರುವುದರ ಮೇಲೆ ಮತ್ತೆ ಸುರಿದರೆ ಅದೇ ಲಾಭ ಮತ್ತೆ ಸಿಗುತ್ತದೆ ಅನ್ನಲು ಆಧಾರ ಇಲ್ಲ. ರಕ್ತ ಹೆಪ್ಪುಗಟ್ಟುವ, ಕಿಡ್ನಿ ಕೆಡುವ, ಕೆಂಪು ಕಣ ಒಡೆಯುವ ಅಪಾಯ ಮಾತ್ರ ಡೋಸಿನ ಜೊತೆಗೆ ಏರುತ್ತದೆ. ಫ್ಲೂನಲ್ಲಿ ಇದನ್ನು ನೇರವಾಗಿಯೇ ಪರೀಕ್ಷಿಸಿದ್ದಾರೆ. ಫ್ಲೂ ವಿರುದ್ಧದ ಆ್ಯಂಟಿಬಾಡಿ ಸಾಂದ್ರವಾಗಿದ್ದ ವಿಶೇಷ ಐವಿಐಜಿಯನ್ನು ಆಸ್ಪತ್ರೆ ಸೇರಿದ ದೊಡ್ಡವರಿಗೆ ಕೊಟ್ಟು ನೋಡಿದ ಪ್ರಯೋಗ 2019ರಲ್ಲಿ ಪ್ರಕಟವಾಯಿತು. ಒಟ್ಟಾರೆ ಲಾಭ ಕಾಣಲಿಲ್ಲ. ಅವರು ಕಸಿ ರೋಗಿಗಳಲ್ಲ, ವೈರಸ್ಸೂ ಬೇರೆ, ನಿಜ. ಆದರೂ ಕಾಯಿಲೆ ಬಲಿತ ಮೇಲೆ ಆ್ಯಂಟಿಬಾಡಿ ಸುರಿಯುವುದರ ಮಿತಿ ಅಲ್ಲಿ ಕಾಣುತ್ತದೆ.

ತಂಡ ಕೈ ಹಾಕಿದ್ದು ಸ್ಟೀರಾಯ್ಡ್‌ಗೆ. ಭೇದಿ ನಿಂತು ಎರಡು ವಾರವಾಗಿತ್ತು. ಪ್ರೆಡ್ನಿಸೊಲೋನ್ 40ರಿಂದ 30ಕ್ಕೆ, ಮುಂದಿನ ವಾರ 20ಕ್ಕೆ ಇಳಿಸಿದರು. ಬೇಗ ಇಳಿಸಿದರೆ ಜಿವಿಎಚ್‌ಡಿ ಮರಳಬಹುದು, ಮರಳಿದರೆ ಇನ್ನೂ ಜಾಸ್ತಿ ಸ್ಟೀರಾಯ್ಡ್ ಬೇಕಾಗುತ್ತದೆ. ದಿನಾ ಮಲದ ಪ್ರಮಾಣ ಬರೆದಿಟ್ಟುಕೊಂಡು, ಹೊಟ್ಟೆನೋವು ಕೇಳಿಕೊಂಡು ಮುಂದುವರಿದರು. ಈ ಇಡೀ ಪ್ರಕರಣದ ಅತಿ ಕಷ್ಟದ ತೀರ್ಮಾನ ಇದೇ, ಐವಿಐಜಿ ಅಲ್ಲ. ಲಿಂಫೋಸೈಟ್ ಮೊದಲ ವಾರದ ಕೊನೆಗೆ 310, ಎರಡನೇ ವಾರದ ಕೊನೆಗೆ 520. ಜ್ವರ ಎಂಟನೇ ದಿನ ಬಿಟ್ಟಿತು. ಹತ್ತನೇ ದಿನ ಆಕ್ಸಿಜನ್ ತೆಗೆದರು. ಹದಿನಾರನೇ ದಿನ ಮನೆಗೆ ಹೋದರು.

ಯಾವುದರಿಂದ ಗುಣವಾಯಿತು? ರೈಬವಿರಿನ್, ಐವಿಐಜಿ, ಸ್ಟೀರಾಯ್ಡ್ ಇಳಿಸಿದ್ದು, ಮೂರೂ ಒಟ್ಟಿಗೆ ನಡೆದಿವೆ. ಒಂದಕ್ಕೇ ಶ್ರೇಯ ಕೊಟ್ಟರೆ ಅದು ಸುಳ್ಳಾಗುತ್ತದೆ. ಜ್ವರ, ಆಕ್ಸಿಜನ್ ಸುಧಾರಿಸಿದ್ದು ಲಿಂಫೋಸೈಟ್ ಏರಿದ ಹೊತ್ತಿಗೇ ಅನ್ನುವುದನ್ನು ಮಾತ್ರ ಚಾರ್ಟು ನೋಡಿದವರು ಯಾರೂ ಕಡೆಗಣಿಸಲಾರರು.

ಮನೆ ಮತ್ತು ವಾರ್ಡು

ವಾರ್ಡಿನಲ್ಲಿದ್ದಷ್ಟು ದಿನ ಒಂಟಿ ಕೋಣೆ, ಒಳಗೆ ಹೋಗುವವರಿಗೆ ಗೌನು, ಗ್ಲೌಸು, ಮಾಸ್ಕು. ಆರ್‌ಎಸ್‌ವಿ ಗಟ್ಟಿ ಮೇಲ್ಮೈಗಳ ಮೇಲೆ ಗಂಟೆಗಟ್ಟಲೆ ಬದುಕಿರುತ್ತದೆ, ಕೈಯಿಂದ ಕೈಗೆ ಹರಡುತ್ತದೆ. ಕಸಿ ವಾರ್ಡಿನಲ್ಲಿ ಒಬ್ಬರಿಂದ ಹಲವರಿಗೆ ಹಬ್ಬಿದ ಘಟನೆಗಳು ವೈದ್ಯಕೀಯ ವರದಿಗಳಲ್ಲಿ ಸಾಕಷ್ಟಿವೆ. ಇವರ ಸ್ವಾಬ್ ಆರನೇ ವಾರದಲ್ಲೂ ಪಾಸಿಟಿವ್ ಬಂತು. ರೋಗನಿರೋಧಕ ಶಕ್ತಿ ಕುಂದಿದವರಲ್ಲಿ ವೈರಸ್ ಹೀಗೆ ವಾರಗಟ್ಟಲೆ ಉಳಿಯುತ್ತದೆ. ಹಾಗಾಗಿ ಹೊರರೋಗಿ ವಿಭಾಗಕ್ಕೆ ಬಂದಾಗಲೂ ಬೇರೆ ಕಸಿ ರೋಗಿಗಳ ಜೊತೆ ಕೂರಿಸದೆ ನೇರ ಪ್ರತ್ಯೇಕ ಕೋಣೆಗೆ ಕರೆದರು.

ಮನೆಯವರಿಗೆ ಹೇಳಿದ್ದು ಸರಳ. ನೆಗಡಿ ಇರುವವರು ಮಾಸ್ಕ್ ಹಾಕಿಕೊಳ್ಳಿ, ಕೈ ತೊಳೆಯಿರಿ, ಮಗಳಿಗೆ ನೆಗಡಿ ಇದ್ದಾಗ ಅಮ್ಮನ ಪಕ್ಕ ಮಲಗಿಸಬೇಡಿ. ಅಮ್ಮನಿಗೆ ಮೂಗು ಸೋರಿದರೆ ಅವತ್ತೇ ಫೋನ್ ಮಾಡಿ. ದೊಡ್ಡವರ ಆರ್‌ಎಸ್‌ವಿ ಲಸಿಕೆಗೆ 2023ರಲ್ಲಿ ಒಪ್ಪಿಗೆ ಸಿಕ್ಕಿದೆ, ಆದರೆ ಕಸಿಯಾದ ಮೊದಲ ತಿಂಗಳುಗಳಲ್ಲಿ ಯಾವ ಲಸಿಕೆಗೂ ದೇಹ ಸರಿಯಾಗಿ ಸ್ಪಂದಿಸುವುದಿಲ್ಲ. ಅದನ್ನು ಮುಂದಿನ ಲಸಿಕೆ ಪಟ್ಟಿಗೆ ಸೇರಿಸಿದರು.

ಮೂರು ತಿಂಗಳ ನಂತರ

ಆರ್‌ಎಸ್‌ವಿ ಹೋದ ಮೇಲೂ ಒಂದು ಬಾಕಿ ಉಳಿಯುತ್ತದೆ. ಕಸಿಯ ನಂತರ ಶ್ವಾಸಕೋಶಕ್ಕೆ ಇಳಿದ ವೈರಸ್ ಸೋಂಕು, ಮುಖ್ಯವಾಗಿ ಆರ್‌ಎಸ್‌ವಿ ಮತ್ತು ಪ್ಯಾರಾಇನ್‌ಫ್ಲುಯೆಂಜಾ, ತಿಂಗಳುಗಳ ಮೇಲೆ ಸಣ್ಣ ಉಸಿರುನಾಳಗಳನ್ನು ಕಿರಿದಾಗಿಸಬಹುದು. ಹಾಗೆ ಕಿರಿದಾದ ನಾಳ ಮತ್ತೆ ಹಿಗ್ಗುವುದು ಕಷ್ಟ. ಈ ಕಾಯಿಲೆಗೆ ಬ್ರಾಂಕಿಯೊಲೈಟಿಸ್ ಆಬ್ಲಿಟೆರಾನ್ಸ್ ಎಂದು ಹೆಸರು.

ಇವರ ಎಫ್‌ಇವಿ1, ಅಂದರೆ ಮೊದಲ ಸೆಕೆಂಡಿನಲ್ಲಿ ಊದುವ ಗಾಳಿಯ ಪ್ರಮಾಣ, ಕಸಿಗೆ ಮುಂಚೆ ನಿರೀಕ್ಷಿತ ಮಟ್ಟದ 91 ಪರ್ಸೆಂಟ್ ಇತ್ತು, ಈಗ 78. ಆದರೆ ಪೂರ್ತಿ ಊದಿದ ಗಾಳಿಯಲ್ಲಿ ಅದರ ಅನುಪಾತ 0.7ಕ್ಕಿಂತ ಮೇಲೇ ಇದೆ. ಉಸಿರು ಹೊರಬಿಟ್ಟಾಗ ತೆಗೆದ ಸಿಟಿಯಲ್ಲಿ ಗಾಳಿ ಸಿಕ್ಕಿಕೊಂಡದ್ದು ಕಾಣಲಿಲ್ಲ. ಬ್ರಾಂಕಿಯೊಲೈಟಿಸ್ ಆಬ್ಲಿಟೆರಾನ್ಸ್ ಎಂದು ಹೇಳುವ ಹಾಗಿಲ್ಲ, ಬಿಟ್ಟುಬಿಡುವ ಹಾಗೂ ಇಲ್ಲ. "ಮುಂಜಾಗ್ರತೆಗೆ ಅಜಿತ್ರೊಮೈಸಿನ್ ಆ್ಯಂಟಿಬಯೋಟಿಕ್ ಕೊಡಬಹುದಲ್ಲ" ಎಂದು ತಂಡದ ಒಬ್ಬರು ಕೇಳಿದರು. ಆ ಕಾಯಿಲೆ ಬರದಂತೆ ಕಸಿಯ ಹೊತ್ತಿನಿಂದಲೇ ದೀರ್ಘಕಾಲ ಅಜಿತ್ರೊಮೈಸಿನ್ ಕೊಟ್ಟ ಪ್ರಯೋಗದಲ್ಲಿ ರಕ್ತದ ಕ್ಯಾನ್ಸರ್ ಮರಳುವುದು ಹೆಚ್ಚಿತ್ತು. 2018ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಅದರ ಬಗ್ಗೆ ಎಚ್ಚರಿಕೆ ಕೊಟ್ಟಿದೆ. ಹಾಗಾಗಿ ಕೊಡಲಿಲ್ಲ. ತಿಂಗಳಿಗೊಮ್ಮೆ ಸ್ಪೈರೊಮೆಟ್ರಿ, ಅಂದರೆ ಗಾಳಿ ಊದಿಸಿ ಅಳೆಯುವ ಪರೀಕ್ಷೆ, ಮಾಡುವುದು, ಮನೆಯಲ್ಲಿ ಕೈಯಲ್ಲಿ ಹಿಡಿಯುವ ಮೀಟರಿನಲ್ಲಿ ವಾರಕ್ಕೊಮ್ಮೆ ಊದಿ ಬರೆದಿಡುವುದು ಎಂದು ತೀರ್ಮಾನವಾಯಿತು. ಪ್ರೆಡ್ನಿಸೊಲೋನ್ ಈಗ 5 ಮಿಲಿಗ್ರಾಂ. ಐಜಿಜಿ 460. ಅದು 400ಕ್ಕಿಂತ ಕೆಳಗಿಳಿದರೆ ಅಥವಾ ಹೊಸ ಸೋಂಕು ಕಾಣಿಸಿಕೊಂಡರೆ ಮುಂದಿನ ಐವಿಐಜಿ ಬಗ್ಗೆ ಯೋಚಿಸುತ್ತಾರೆ.